ಮಣಿಯುವ ರೆಕ್ಕೆಗಳು

ಬೆಳಿಗ್ಗೆ ಹನ್ನೊಂದೂಕಾಲಿಗೆ ವಿದ್ಯುತ್ ಜಾಲದ ಸಂಪರ್ಕ ಕಡಿದುಹೋಯಿತು. ಘಟಪ್ರಭೆಯ ದಂಡೆಯ ಸಕ್ಕರೆ ಕಾರ್ಖಾನೆಯ ಉಗಿ ಟರ್ಬೈನು ಅಲ್ಲಿಯವರೆಗೆ ಹೊತ್ತಿದ್ದ ಭಾರವೆಲ್ಲ ಒಂದೇ ಕ್ಷಣದಲ್ಲಿ ಇಳಿದುಹೋಯಿತು. ಉಗಿ ಮಾತ್ರ ಮೊದಲಿನ ರಭಸದಲ್ಲೇ ನುಗ್ಗುತ್ತಿತ್ತು. ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುತ್ತಿದ್ದ ಯಂತ್ರ ಆರು ಸಾವಿರದ ಆರುನೂರನ್ನು ಮುಟ್ಟಿತು. ಆ ವೇಗಕ್ಕೆ ತಾನಾಗಿ ಬಿದ್ದು ಉಗಿಯ ದಾರಿಯನ್ನು ಮುಚ್ಚಬೇಕಿದ್ದ ತುರ್ತು ವಾಲ್ವು ಕದಲಲಿಲ್ಲ.

ಪಾಳಿಯ ಆಪರೇಟರ್ ರಾಜೇಸಾಬ ನದಾಫ ವಾಲ್ವನ್ನು ಬೀಳಿಸುವ ಕೆಂಪು ಗುಂಡಿಯನ್ನು ಒತ್ತಿದರು. ಮತ್ತೆ ಒತ್ತಿದರು. ಯಂತ್ರದ ಸದ್ದು ಕಿವಿ ತಾಳದಷ್ಟು ಮೇಲೇರಿತು. ವೇಗ ಹೀಗೆಯೇ ಏರಿದರೆ ಉಕ್ಕು ತಾನು ತಿರುಗುವ ರಭಸಕ್ಕೆ ತಾನೇ ಸಿಡಿದು ಗೋಡೆಯನ್ನೂ ಮನುಷ್ಯರನ್ನೂ ಸೀಳಿಕೊಂಡು ಹೋಗುವುದೆಂದು ಅವರಿಗೆ ಗೊತ್ತಿತ್ತು. ಆರು ಸಾವಿರದ ಒಂಬೈನೂರು. ಇದ್ದಕ್ಕಿದ್ದಂತೆ ಆ ಕಿರುಚು ಕುಸಿಯಿತು. ಉಗಿ ಹರಿಯುತ್ತಲೇ ಇತ್ತು. ಆದರೆ ಯಾವುದನ್ನೂ ತಳ್ಳುತ್ತಿರಲಿಲ್ಲ. ರಾಜೇಸಾಬರೂ ಫಿಟ್ಟರ್ ಕಸ್ತೂರೆವ್ವನೂ ಬಾಯ್ಲರಿನ ಬಳಿಗೆ ಓಡಿ, ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಿ ಉಗಿಯನ್ನು ನಿಲ್ಲಿಸಿದರು.

"ಕಾಕಾ, ಜೀಂವ ಐತೇನು?" ಎಂದಳು ಕಸ್ತೂರೆವ್ವ, ನೆಲಕ್ಕೆ ಕುಳಿತು.

"ಐತಿ ಬಿಡು ತಂಗಿ. ಕಿವಿ ಅಷ್ಟ ಎಲ್ಲಿ ಹೋದವೋ ಏನೋ."

ಇಬ್ಬರೂ ನಕ್ಕರು. ಬಹಳ ಹೊತ್ತು ನಗುತ್ತಲೇ ಇದ್ದರು.

ಅವರನ್ನು ಉಳಿಸಿದ್ದು ಟರ್ಬೈನಿನ ರೆಕ್ಕೆಗಳಲ್ಲಿದ್ದ ಮಣಿಲೋಹ. ಅದನ್ನು ಕಂಡುಹಿಡಿದವರು ಧಾರವಾಡದ ವಿಜ್ಞಾನಿ ಡಾ. ನೀಲಗಂಗಾ ಹಲಗಲಿ. ತಿರುಗುವ ವಸ್ತುವಿನ ಒಳಗೆ ವೇಗ ಹೆಚ್ಚಿದಂತೆ ಹೊರಕ್ಕೆಳೆಯುವ ಸೆಳೆತವೂ ಹೆಚ್ಚುತ್ತದೆ. ಸೆಳೆತ ಒಂದು ಮಿತಿಯನ್ನು ದಾಟಿದೊಡನೆ ಮಣಿಲೋಹದ ಹರಳುಗಳು ತಮ್ಮ ಜೋಡಣೆಯನ್ನು ಬದಲಿಸಿಕೊಳ್ಳುತ್ತವೆ. ಅದರಿಂದ ಮಾಡಿದ ರೆಕ್ಕೆ ಉಗಿಗೆ ಎದೆಯೊಡ್ಡುವುದನ್ನು ಬಿಟ್ಟು ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ತಂತಿ ಬೇಡ, ಗುಂಡಿ ಬೇಡ, ಮನುಷ್ಯನೂ ಬೇಡ. ಎರಡು ಸಾವಿರದ ಐವತ್ತೆಂಟರ ಆ ಕಬ್ಬು ಅರೆಯುವ ಹಂಗಾಮಿನ ಹೊತ್ತಿಗೆ ನಲವತ್ತು ಕಾರ್ಖಾನೆಗಳಲ್ಲಿ ಇಂಥ ರೆಕ್ಕೆಗಳಿದ್ದವು. ನಿಜವಾದ ಅಪಾಯದಲ್ಲಿ ಅವು ಮಣಿದದ್ದು ಇದೇ ಮೊದಲು.

ಯಂತ್ರ ತಣಿದ ಮೇಲೆ, ಮೂರನೆಯ ದಿನ, ನೀಲಗಂಗಾ ಬಂದರು. ಅವರ ಚೀಲದಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕಿದ್ದ ಶಿಫಾರಸಿನ ಕರಡು ಇತ್ತು: ಮಣಿಲೋಹವಿರುವ ಟರ್ಬೈನುಗಳಿಗೆ ಇನ್ನು ಮುಂದೆ ತುರ್ತು ವಾಲ್ವು ಕಡ್ಡಾಯವಲ್ಲ. ಕೆಳಗೆ ಅವರ ಸಹಿಯೊಂದೇ ಬಾಕಿ.

ಸಣ್ಣ ಕೊಳವೆಯಂಥ ಕ್ಯಾಮೆರಾವನ್ನು ಒಳಗಿಳಿಸಿ ರೆಕ್ಕೆಗಳನ್ನು ಒಂದೊಂದಾಗಿ ಎಣಿಸಿದರು. ಇನ್ನೂರ ಹದಿನಾರರಲ್ಲಿ ಏಳು ಮಾತ್ರ ಮಣಿಯದೆ ಉಳಿದಿದ್ದವು.

"ಏಳು ಹೋದ್ರ ಹೋಗ್ಲಿ. ಎರಕದಾಗ ಏನರ ದೋಷ ಇರಬೇಕು," ಎಂದು ನೀಲಗಂಗಾ ವಾಲ್ವಿನ ಪರೀಕ್ಷಾ ರಿಜಿಸ್ಟರು ತೆರೆದರು. ಅಂಟಿಕೊಳ್ಳದಿರಲೆಂದು ಪ್ರತಿ ಸೋಮವಾರ ವಾಲ್ವಿನ ದಂಡವನ್ನು ಕೈಯಿಂದ ಒಂದಿಷ್ಟು ಸರಿಸಿ ನೋಡುವುದು ನಿಯಮ. ಒಂದು ವಾರವೂ ತಪ್ಪದೆ 'ಸರಿಯಿದೆ' ಎಂದು ಬರೆದು ರಾಜೇಸಾಬರು ಸಹಿ ಮಾಡಿದ್ದರು.

"ನೋಡ್ರಿ, ವಾರಾವಾರಾ ಸರಿಸಿದ್ರೂ ಬೇಕಾದ ಹೊತ್ತಿಗೆ ಇದು ಬೀಳಲಿಲ್ಲ. ಅಂದಮ್ಯಾಲ ಈ ವಾಲ್ವನ್ನ ನಂಬಿ ಏನು ಉಪಯೋಗ?" ಅವರು ಕರಡನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದರು.

ರಾಜೇಸಾಬರು ಆ ಹಾಳೆಯನ್ನು ಓದಿದರು. ನಿವೃತ್ತಿಗೆ ಎಂಟು ತಿಂಗಳಿತ್ತು. ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ.

"ಮೇಡಮ್ಮಾರ, ಸ್ವಲ್ಪ ತಡೀರಿ. ಎರಡು ಹಂಗಾಮು ಆತ್ರಿ, ನಾ ಅದನ್ನ ಮುಟ್ಟಿಲ್ಲ."

"ಮತ್ತ ಈ ಸಹಿ?"

"ಕುರ್ಚಿ ಮ್ಯಾಲ ಕುಂತು ಮಾಡಿದ್ದು. ದಂಡ ಸರಿಸುವಾಗ ಒಂದು ನೂಲಿನಷ್ಟು ಹೆಚ್ಚಾದ್ರ ವಾಲ್ವು ಬಿದ್ದು ಟರ್ಬೈನ್ ನಿಲ್ತದ, ಮಿಲ್ಲೂ ನಿಲ್ತದ. ಹೊರಗ ಕಬ್ಬಿನ ಟ್ರ್ಯಾಕ್ಟರಿನವ್ರು ನಮ್ಮ ಏಳು ತಲಿಮಾರು ಎತ್ತಿ ಬೈತಾರ್ರಿ. ಮೊದಲ ಬೈಸಿಕೊಂಡರೂ ಮಾಡ್ತಿದ್ದೆ. ಜೀವದ ಅಂಜಿಕಿ ಇತ್ತು. ನಿಮ್ಮ ರೆಕ್ಕಿ ಬಂದವು, ಅಂಜಿಕಿ ಹೋತು."

ನೀಲಗಂಗಾ ಪೆನ್ನನ್ನು ಕೆಳಗಿಟ್ಟರು. "ವಾಲ್ವು ಬಿಚ್ಚಿಸ್ರಿ," ಎಂದಷ್ಟೇ ಹೇಳಿದರು.

ಕಸ್ತೂರೆವ್ವ ಬಿಚ್ಚಿದಳು. ದಂಡದ ಮೇಲೆ ಬಿಳಿಯೂ ಕಂದೂ ಬೆರೆತ ಗಟ್ಟಿ ಪದರ ಕೂತಿತ್ತು. ಅವಳು ಅದನ್ನು ಉಗುರಿನಿಂದ ಕೆರೆದಳು. "ಕಬ್ಬಿನ ಹಾಲು ಬಾಯ್ಲರ್ ನೀರಿಗೆ ಸೋರೇತ್ರಿ. ಹಂಗಾದ್ರ ಒಳಗ ನೊರಿ ಏಳ್ತದ, ನೊರಿ ಜೋಡಿ ನೀರಿನಾಗಿನ ಉಪ್ಪು ಉಗಿಯೊಳಗ ಹಾರ್ತದ. ವಾರಾವಾರಾ ಸರಿಸಿದ್ರ ಉದುರಿ ಹೋಗ್ತಿತ್ತು. ಕಾಕಾ, ನೀ ಬಿಟ್ಟಿ, ಅದು ಸಂಸಾರ ಹೂಡೇತಿ!"

ನೀಲಗಂಗಾ ಮತ್ತೆ ಕ್ಯಾಮೆರಾದ ಚಿತ್ರಗಳತ್ತ ಹೋದರು. ಮಣಿಯದ ಏಳು ರೆಕ್ಕೆಗಳನ್ನು ದೊಡ್ಡದು ಮಾಡಿ ನೋಡಿದರು. ಅವುಗಳ ಬುಡದಲ್ಲಿಯೂ ಅದೇ ಪದರ. ಎರಕದಲ್ಲಿ ದೋಷವಿರಲಿಲ್ಲ. ವಾಲ್ವನ್ನು ಹಿಡಿದ ಉಪ್ಪು ರೆಕ್ಕೆಗಳನ್ನೂ ಹಿಡಿಯತೊಡಗಿತ್ತು. ಈ ಹಂಗಾಮಿಗೆ ಏಳು. ಮುಂದಿನ ಹಂಗಾಮಿಗೆ ಎಷ್ಟೋ.

"ನನ್ನ ಲೋಹಕ್ಕೆ ಮನುಷ್ಯನೇ ಬೇಡ ಅಂತ ಎಲ್ಲಾ ಸಭೆಯೊಳಗ ಹೇಳಿಕೋತ ಬಂದೆ," ಎಂದರು ಅವರು ಮೆಲ್ಲನೆ. "ನೀವು ಸುಮ್ಮನಿದ್ದಿದ್ರ ಇವತ್ತು ನಲವತ್ತು ಕಾರ್ಖಾನ್ಯಾಗಿಂದ ವಾಲ್ವು ತೆಗಸ್ತಿದ್ದೆ."

ಕರಡನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಅದರ ಬೆನ್ನಿಗೆ ಹೊಸದಾಗಿ ಬರೆದರು: ತುರ್ತು ವಾಲ್ವು ವಾರಕ್ಕೊಮ್ಮೆ ಕದಲದ ಕಡೆ ಮಣಿಲೋಹವನ್ನು ಬಳಸಕೂಡದು. ಕಾರಣವನ್ನು ಬರೆಯುವಲ್ಲಿಗೆ ಬಂದು ತಲೆ ಎತ್ತಿದರು. "ಸುಳ್ಳು ಸಹಿಯ ವಿಷಯ ಬಿಡಲಿಕ್ಕೆ ಬರೂದಿಲ್ರಿ."

"ಬರೀರಿ. ಆದರ ತಾನಾಗೇ ಬಂದು ಹೇಳಿದ ಅಂತನೂ ಒಂದು ಸಾಲು ಬರೀರಿ. ಮನ್ಯಾಗ ತೋರಸಬೇಕು."

ನೀಲಗಂಗಾ ಆ ಸಾಲನ್ನೇ ಮೊದಲು ಬರೆದರು. ರಾಜೇಸಾಬರಿಗೆ ಒಂದು ತಿಂಗಳು ಅಮಾನತಾಯಿತು. ಅದು ಮುಗಿದ ಸೋಮವಾರ ಅವರು ದಂಡವನ್ನು ಸರಿಸಿದರು; ಒಂದು ನೂಲಿನಷ್ಟು ಹೆಚ್ಚಾಗಿ ಮಿಲ್ಲು ನಿಂತಿತು. ಹೊರಗಿನಿಂದ ಬೈಗುಳ ಕೇಳಿಬಂತು. ಇಡೀ ಪಾಳಿ ಹಗುರಾಗಿ ನಕ್ಕಿತು, ಏಕೆಂದರೆ ಈ ಸಲ ವಾಲ್ವು ಬಿದ್ದಿತ್ತು.

ಇದೆಲ್ಲ ನಡೆಯುವುದಕ್ಕೆ ಇನ್ನೂ ಹಲವು ವರ್ಷಗಳಿವೆ. ಮಣಿಯುವ ಲೋಹವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ನೀವು ಇದನ್ನು ಓದುತ್ತಿರುವ ಈ ಗಳಿಗೆಯಲ್ಲಿ ತಿರುಗುತ್ತಿರುವ ಟರ್ಬೈನುಗಳ ರೆಕ್ಕೆಗಳು ಯಾವ ವೇಗಕ್ಕೂ ಮಣಿಯುವುದಿಲ್ಲ. ಅವುಗಳ ಪಕ್ಕದಲ್ಲಿ ಒಂದು ವಾಲ್ವು ಇದೆ. ಅದನ್ನು ಸರಿಸಿ ನೋಡಬೇಕಾದ ಒಬ್ಬರು ಇದ್ದಾರೆ. ಅವರು ಈ ವಾರ ಕುರ್ಚಿಯಿಂದ ಎದ್ದು ಹೋಗಿರಲಿ.