ಮನ್ನಾರಿನ ಗಾಳಿ

ರಾಜಾಜಿನಗರದ ಆ ದರ್ಶಿನಿಯಲ್ಲಿ ಬೆಳಿಗ್ಗೆ ನಿಂತು ತಿನ್ನಲೂ ಜಾಗವಿರಲಿಲ್ಲ. ಶರಣ್ಯಾ ತಟ್ಟೆ ಇಟ್ಟ ಟೇಬಲ್ಲಿಗೆ ಇನ್ನೊಂದು ತಟ್ಟೆ ಬಂತು. ಹಿಂದೆಯೇ, ಅವಳ ಕೊರಳಿನ ವಿಸಿಟರ್ ಕಾರ್ಡ್ ನೋಡುತ್ತ ಒಬ್ಬ ಯುವಕ.

"ನಮ್ಮ ಆಫೀಸಿಗೆ ಬಂದಿರೋ ಬ್ಯಾಂಕಿನೋರು ತಾನೆ ಮೇಡಂ? ನಾನು ಭೈರೇಶ್, ಕೇಬಲ್ ಡಿಸೈನ್ ಮಾಡೋನು. ನೋಡಿ, ಈ ಇಡ್ಲಿ ನಮ್ಮ ದೇಶ. ಈ ವಡೆ ಶ್ರೀಲಂಕಾ. ನಡುವೆ ಚಟ್ನಿ, ಅದೇ ಮನ್ನಾರ್ ಕಡಲು. ಕಡಲಲ್ಲೇ ಗಾಳಿಯಂತ್ರ ನಿಲ್ಸಿ, ತಳದಲ್ಲಿ ಕೇಬಲ್ ಎಳೆದು, ಎರಡೂ ಕಡೆ ಕರೆಂಟ್ ಕೊಡ್ತೀವಿ. ನೀವು ಸಾಲ ಕೊಟ್ರೆ ಸಾಕು."

"ಚಟ್ನಿ ಯಾವ ದೇಶದ್ದು?" ಎಂದಳು ಶರಣ್ಯಾ.

ಬಾಯಿಗೆ ಹೊರಟಿದ್ದ ತುತ್ತು ಅವನ ಕೈಯಲ್ಲೇ ಉಳಿಯಿತು. "ನೀವು ಬ್ಯಾಂಕಿನೋರಲ್ಲ."

"ಲಾಯರ್. ನಿಮ್ಮ ಪ್ರಾಜೆಕ್ಟ್ ಕಾನೂನಲ್ಲಿ ನಿಲ್ಲತ್ತಾ ನೋಡಿ ಅಂತ ಬ್ಯಾಂಕಿನೋರು ನನ್ನ ಕಳ್ಸಿದಾರೆ."

"ಅಯ್ಯೋ ದೇವ್ರೇ!" ಎಂದು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಚೂರು ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಅವತ್ತಿನ ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ, ಅವಳ ಮನಸ್ಸಿನಲ್ಲಿ ಉಳಿದದ್ದು ಅದೊಂದೇ.

ಆಮೇಲೆ ಅನುಮಾನ ಕೇಳಲು ಅವಳು ಫೋನ್ ಮಾಡುತ್ತಿದ್ದಳು. ಅನುಮಾನಗಳು ಮುಗಿದ ಮೇಲೂ ಫೋನು ನಿಲ್ಲಲಿಲ್ಲ. ಭಾನುವಾರಗಳು ಮಲ್ಲತ್ತಹಳ್ಳಿ ಕೆರೆ ದಂಡೆಗೆ ಸೇರಿಹೋದವು. ಅವನ ತಾತ ಕೆಂಚಪ್ಪನವರು ರಾಗಿ ಬೆಳೆಯುತ್ತಿದ್ದ ಹೊಲ ಅಲ್ಲೇ ಹತ್ತಿರದಲ್ಲಿತ್ತಂತೆ, ಈಗ ಸಾಲು ಮನೆಗಳು.

"ಸಾಲದ ಪತ್ರಕ್ಕೆ ಸಹಿ ಬೀಳ್ಲಿ, ಮಾರನೇ ದಿನಾನೇ ಬಸವೇಶ್ವರನಗರಕ್ಕೆ ಬಂದು ನಿಮ್ಮಪ್ಪನ್ನ ಕೇಳ್ತೀನಿ," ಎನ್ನುತ್ತಿದ್ದ.

"ನಮ್ಮಪ್ಪ ಗಂಗಾಧರಯ್ಯನೋರು ಬೇಡ ಅಂದ್ರೆ?"

"ಕರೆಂಟನ್ನ ಕಡಲು ದಾಟಿಸೋನು, ನಿಮ್ಮಪ್ಪನ್ನ ದಾಟಲ್ವಾ?"

ಹೀಗೊಂದು ಸಂಬಂಧವಿದೆ, ಈ ಕೆಲಸ ಬೇರೆಯವರಿಗೆ ಕೊಡಿ ಎಂದು ಅವಳು ಆಫೀಸಿನಲ್ಲಿ ಹೇಳಬೇಕಿತ್ತು. ಇವತ್ತು ನಾಳೆ ಎನ್ನುತ್ತ ಹೇಳದೇ ಹೋದಳು.

ಕೆಲಸ ಮುಗಿಯುತ್ತ ಬಂದ ಹಾಗೆ ಅವಳ ನಿದ್ದೆ ಕೆಟ್ಟಿತು. ಕಾನೂನನ್ನು ಯಾವ ಕಡೆಯಿಂದ ಓದಿದರೂ ಉತ್ತರ ಒಂದೇ: ಸಾಲ ಕೊಡುವ ಹಾಗಿಲ್ಲ. ಆ ವಾರದ ಭಾನುವಾರ ಕೆರೆಯ ಹತ್ತಿರ, ದನಿ ಆದಷ್ಟು ಹಗುರ ಮಾಡಿಕೊಂಡು ಕೇಳಿದಳು: "ನಿನ್ನ ಕೆಲಸಕ್ಕೆ ಕರೆದಿರೋ ಆ ಡೆನ್ಮಾರ್ಕ್ ಕಂಪನಿಗೆ ಇನ್ನೂ ಉತ್ತರ ಕೊಟ್ಟಿಲ್ಲ ತಾನೆ?"

"ಬೇಡ ಅಂತ ಬೆಳಿಗ್ಗೆ ಬರೆದುಬಿಟ್ಟೆ ಕಣೇ! ಇಲ್ಲಿ ನಮ್ಮ ಕಡಲಿದೆ, ನೀನಿದೀಯ. ಆ ಚಳೀಲಿ ನಂಗೇನು ಕೆಲಸ?"

ನಿಜ ಅವಳ ತುಟಿವರೆಗೂ ಬಂತು. ಸಂಜೆ ಬಿಸಿಲು ಅವನ ಮುಖದ ಮೇಲಿತ್ತು. ಅವಳು ಏನೂ ಹೇಳಲಿಲ್ಲ.

ಮೀಟಿಂಗಿನ ದಿನ ಅವನು ಎದುರಿಗೇ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು.

"ಗಾಳಿ ಕರೆಂಟನ್ನ ದಡಕ್ಕೆ ತರೋ ಕೇಬಲ್‌ಗೆ ಒಂದು ನಿಯಮ ಇದೆ," ಎಂದಳು ಶರಣ್ಯಾ, ಬ್ಯಾಂಕಿನವರನ್ನೇ ನೋಡುತ್ತ. "ದೇಶದಿಂದ ದೇಶಕ್ಕೆ ಕರೆಂಟ್ ಮಾರೋ ಕೇಬಲ್‌ಗೆ ಬೇರೆ ನಿಯಮ. ಇದು ಎರಡೂ ಕೆಲಸ ಮಾಡೋ ಕೇಬಲ್. ಇಂಥದ್ದಕ್ಕೆ ಎರಡೂ ದೇಶದಲ್ಲಿ ನಿಯಮಾನೇ ಇಲ್ಲ. ದರ ಯಾರು ಗೊತ್ತು ಮಾಡಬೇಕು, ನಷ್ಟ ಯಾರ ತಲೆಗೆ, ಜಗಳ ಬಂದ್ರೆ ಯಾವ ಕೋರ್ಟು, ಯಾವುದೂ ಗೊತ್ತಿಲ್ಲ. ಈ ಸ್ಥಿತೀಲಿ ಸಾಲ ಕೊಡೋದು ಸರಿಯಲ್ಲ."

"ಹಾಗಾದ್ರೆ ಆಗೋದೇ ಇಲ್ವಾ ಮೇಡಂ?" ಭೈರೇಶನ ದನಿ.

"ಎರಡು ಸರ್ಕಾರ ಕೂತು ಹೊಸ ನಿಯಮ ಮಾಡೋವರೆಗೂ ಆಗಲ್ಲ ಸಾರ್."

ಬ್ಯಾಂಕು ಹಿಂದೆ ಸರಿಯಿತು. ಅವನ ತಂಡವನ್ನು ಮುಚ್ಚಿದರು. ಡೆನ್ಮಾರ್ಕಿನವರು ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು. ಭೈರೇಶ ಅವಳ ಫೋನ್ ಎತ್ತಲಿಲ್ಲ.

ಆಷಾಢ ಕಳೆದ ಮೇಲೆ ಒಂದು ಮೆಸೇಜ್ ಬಂತು: ರಾಜಾಜಿನಗರ ಮೆಟ್ರೊ ಹತ್ರ ಬರ್ತೀಯಾ?

ಬೆನ್ನಿಗೆ ಬ್ಯಾಗು ಹಾಕಿಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸವಂತೆ. ಗೊರಗುಂಟೆಪಾಳ್ಯದಲ್ಲಿ ಬಸ್ ಹಿಡಿಯಬೇಕು.

"ಕೆರೆ ಹತ್ರ ಡೆನ್ಮಾರ್ಕ್ ಬಗ್ಗೆ ಕೇಳಿದಾಗಲೇ ನಿಂಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಬ್ಯಾಂಕಿನ ಗುಟ್ಟು, ಹೇಳೋ ಹಾಗಿರಲಿಲ್ಲ. ಅರ್ಥ ಆಗತ್ತೆ. ಮೀಟಿಂಗಲ್ಲಿ ನೀನು ಹೇಳಿದ್ರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅದನ್ನ ಹೇಳೋಣ ಅಂತಾನೇ ಕರ್ದೆ."

ಅಷ್ಟಕ್ಕೇ ಬಿಟ್ಟಿದ್ದರೆ ಅವಳಿಗೆ ಕ್ಷಮೆ ಸಿಕ್ಕಿಬಿಡುತ್ತಿತ್ತು.

"ಗುಟ್ಟು ಅಂತ ಮಾತ್ರ ಅಲ್ಲ ಭೈರೇಶ. ನೀನು ಡೆನ್ಮಾರ್ಕ್ ಬೇಡ ಅಂದೆ ಅಂದಾಗ ನಂಗೆ ಒಳಗೊಳಗೇ ಖುಷಿಯಾಯ್ತು. ಕೇಬಲ್ ಹೋದ್ರೆ ಹೋಗ್ಲಿ, ಇವನು ನನ್ನ ಹತ್ರಾನೇ ಉಳೀತಾನೆ ಅನ್ನಿಸ್ತು. ಅಷ್ಟು ಇಷ್ಟ ನೀನು ನಂಗೆ. ಅಷ್ಟು ಕೆಟ್ಟೋಳು ನಾನು."

ಅವನು ಅವಳ ಕೆನ್ನೆಗೆ ಅಂಟಿದ್ದ ಕೂದಲನ್ನು ಬೆರಳ ತುದಿಯಿಂದ ಸರಿಸಿದ.

"ಕೆಟ್ಟೋಳಲ್ಲ ಕಣೇ. ಆದ್ರೆ ಇನ್ಮೇಲೆ ನಿನ್ನ ಮುಖ ನೋಡಿದಾಗೆಲ್ಲ, ಇವಳು ಏನನ್ನ ಹೇಳ್ದೆ ಇಟ್ಕೊಂಡಿದಾಳೆ ಅಂತ ಹುಡುಕ್ತಾ ಇರ್ತೀನಿ. ಹಾಗೆ ಬದುಕೋಕೆ ನನ್ನಿಂದ ಆಗಲ್ಲ."

ಅವಳು ತಲೆಯಾಡಿಸಿದಳು. ಇಬ್ಬರೂ ಮೆಟ್ಟಿಲು ಹತ್ತಿದರು. ಗೇಟಿನಿಂದಾಚೆ ಅವಳಿಗೆ ಟಿಕೆಟ್ ಇರಲಿಲ್ಲ.

"ಅಲ್ಲಿ ಊಟಕ್ಕೇನು ಮಾಡ್ತೀಯ?"

"ಮೆಸ್ ಇದೆಯಂತೆ."

"ಖಾರ ಜಾಸ್ತಿ ಹಾಕ್ತಾರೆ ಆ ಕಡೆ. ಮಜ್ಜಿಗೆ ಕೇಳಿ ಹಾಕಿಸ್ಕೋ."

ಅವನು ಹೂಂ ಎಂದ. ಗೇಟು ತೆರೆದು, ಅವನ ಹಿಂದೆ ಮುಚ್ಚಿಕೊಂಡಿತು. ನೆತ್ತಿಯ ಮೇಲೆ ರೈಲು ಬಂದು ನಿಂತು, ಮತ್ತೆ ಹೊರಟ ಸದ್ದು ಪೂರ್ತಿ ಅಡಗುವವರೆಗೂ ಶರಣ್ಯಾ ಅಲ್ಲೇ ನಿಂತಿದ್ದಳು.