ಆರಾದ ಮೇಲೆ

ಸೇಡು ತೀರಿಸಿಕೊಳ್ಳಲು ನಾನು ಏನೂ ಮಾಡಬೇಕಾಗಿರಲಿಲ್ಲ. ಮೈಕಿನ ಗುಂಡಿ ಒತ್ತದೆ ಸುಮ್ಮನೆ ಕೂತರೆ ಸಾಕಿತ್ತು.

ಗಾಜಿನ ಆಚೆ ಎಂಆರ್‌ಐ ಮೆಷಿನ್ನಿನ ಬಾಯಿಗೆ ತಲೆಯಿಟ್ಟು ಮಲಗಿದ್ದವನ ಪಾದಗಳು ಮಾತ್ರ ನನಗೆ ಕಾಣುತ್ತಿದ್ದವು. ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪು. ಆ ಉಗುರನ್ನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಎರಡೂವರೆ ವರ್ಷ ಆ ಕಾಲು ಮುರಿದುಹೋಗಲಿ ಎಂದು ಶಾಪ ಹಾಕಿದವಳು ನಾನು.

ಹೆಸರು ಸೊತಾರೊ. ಜಪಾನಿನ ಮೀನುಗಾರರ ಊರಿನವನು. ಹದಿನೆಂಟಕ್ಕೆ ಅಲ್ಲಿನ ಎರಡನೇ ದರ್ಜೆಯ ಫುಟ್‌ಬಾಲ್ ಲೀಗ್, ಇಪ್ಪತ್ತೈದಕ್ಕೆ ಥಾಯ್ಲೆಂಡ್, ಇಪ್ಪತ್ತೇಳಕ್ಕೆ ಸೌದಿ. ಈಗ ಮೂವತ್ತು ದಾಟಿದ ಮಿಡ್‌ಫೀಲ್ಡರ್. ದಮ್ಮಾಮಿನ ಒಂದು ಕ್ಲಬ್ ಅವನನ್ನು ತೆಗೆದುಕೊಳ್ಳಲು ಒಪ್ಪಿತ್ತು, ಬೆನ್ನಿನ ಸ್ಕ್ಯಾನ್ ಸರಿ ಇದ್ದರೆ ಮಾತ್ರ. ಅದು ೨೦೧೮ರ ಜನವರಿ. ಹೊಸ ಆಟಗಾರರ ಕಾಗದ ಕೊಡಲು ಅಂದು ಸಂಜೆ ಐದು ಗಂಟೆಯೇ ಗಡುವು. ಪಕ್ಕದೂರು ಖೋಬರಿನ ನಮ್ಮ ಆಸ್ಪತ್ರೆಯ ಗಡಿಯಾರದಲ್ಲಿ ಆಗಲೇ ಎರಡೂವರೆ.

ಈ ಮನುಷ್ಯನಿಗೆ ಮುಚ್ಚಿದ ಜಾಗವೆಂದರೆ ಪ್ರಾಣಭಯ. ಅದು ಅವನ ಹೊಸ ಕ್ಲಬ್ಬಿಗೆ ಗೊತ್ತಿಲ್ಲ, ನನಗೆ ಗೊತ್ತಿತ್ತು.

"ಎಂತ ಮಾರಾಯ್ತಿ," ಎಂದಳು ನರ್ಸ್ ರುಕಯ್ಯಾ. "ಹೊರಗೆ ತೆಗೀರಿ ಅಂತ ಎರಡು ಸಲ ಕೈಯ ರಬ್ಬರ್ ಬಾಲ್ ಒತ್ತಿದ, ಎರಡು ಸಲವೂ ಹೊರಗೆ ಎಳ್ದದ್ದಾಯ್ತು. ಇನ್ನೊಂದು ಸಲ ಹೀಗೆ ಆದ್ರೆ ನಾಳೆಗೇ ಅಂತ ಡಾಕ್ಟರ್ ಹೇಳಿದ್ದಾರೆ. ಸ್ವಲ್ಪ ಮೈಕಲ್ಲಿ ಮಾತಾಡು. ಬೇರೆ ಪೇಷೆಂಟ್ ಹತ್ರ ಎಲ್ಲ ಎಷ್ಟು ಚಂದ ಮಾತಾಡ್ತಿ!"

"ಇವನ ಹತ್ರ ಆಗುದಿಲ್ಲ."

"ಯಾಕೆ? ಇವ ನಿನಿಗೆ ಎಂತ ಮಾಡಿದ?"

"ಫೈನಲ್ ಎಕ್ಸಿಟ್ ಹೊಡೆಸಿ ಹೋದವ ಇವನೇ."

ರುಕಯ್ಯಾಳಿಗೆ ನನ್ನ ಕತೆಯೆಲ್ಲ ಗೊತ್ತಿತ್ತು. ಗಾಜಿಗೆ ಮೂಗು ಒತ್ತಿ ಆ ಪಾದಗಳನ್ನು ನೋಡಿದಳು. "ಯಾ ಅಲ್ಲಾ, ಆ ಜಪಾನಿಯಾ? ಹಾಗಾದ್ರೆ ಒದ್ದಾಡ್ಲಿ," ಎಂದಳು. ಎರಡು ನಿಮಿಷವೂ ಆಗಿರಲಿಲ್ಲ, "ಆದ್ರೂ ಪಾಪ, ಬೆವರಿ ಚಂಡಿ ಆಗಿದ್ದ," ಎಂದು ಸೇರಿಸಿದಳು.

ನನಗೆ ಪಾಪ ಅನ್ನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಖುಷಿಯಾಗುತ್ತಿತ್ತು.

ಮೊದಲ ಸಲ ಅವನನ್ನು ಕಂಡದ್ದು ಸೌದಿಯ ದಕ್ಷಿಣದ ಬೆಟ್ಟದೂರು ಅಭಾದಲ್ಲಿ, ನಾನು ಅಲ್ಲಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಟೆಕ್ನಿಷಿಯನ್ ಆಗಿದ್ದಾಗ, ಅದೂ ಹೀಗೆಯೇ, ಪಾದಗಳಿಂದ. ಅಲ್ಲಿನ ದಬಾಬ್ ಕ್ಲಬ್ಬಿನವರು ಬೆನ್ನು ನೋವೆಂದು ಕರೆತಂದಿದ್ದರು. ಒಳಗೆ ಹೋದವನು ಅರ್ಧ ನಿಮಿಷಕ್ಕೇ ಬಾಲ್ ಒತ್ತಿದ. ನಾನು ಮೈಕಿನಲ್ಲಿ ಅವನಿಗೆ ಕನ್ನಡದಲ್ಲಿ ಒಂದರಿಂದ ಹತ್ತು ಎಣಿಸಲು ಕಲಿಸಿದೆ. ಗೊತ್ತಿಲ್ಲದ ಭಾಷೆಯ ಅಂಕಿ ನೆನಪಿಡುವ ಕಷ್ಟದಲ್ಲಿ ಭಯ ಮರೆತೀತು ಎಂದು.

ಕಲಿತ. ಆದರೆ ಆಮೇಲೆ ಬಂದಾಗಲೆಲ್ಲ ಆರಾದ ಮೇಲೆ ನೇರ ಎಂಟಕ್ಕೆ ಹಾರುತ್ತಿದ್ದ.

"ಏಳು ಎಲ್ಲಿ ಹೋಯ್ತು?" ಎಂದು ಕೇಳುತ್ತಿದ್ದೆ.

"ಮಂಜಿನಲ್ಲಿ ಕಳೆಯಿತು, ವಾರಿಜಾ-ಸಾನ್," ಎನ್ನುತ್ತಿದ್ದ; ಸಾನ್ ಎಂದರೆ ಅವರಲ್ಲಿ ಮರ್ಯಾದೆಯ ಮಾತು. ನಮ್ಮಿಬ್ಬರದೂ ಹರಕು ಇಂಗ್ಲಿಷ್. ಅದಕ್ಕೇ ಮಾತು ಚಿಕ್ಕದು, ನೋಟ ಉದ್ದ. ಮಾಸ್ಕಿನ ಮೇಲೆ ಅವನಿಗೆ ಸಿಗುತ್ತಿದ್ದದ್ದು ನನ್ನ ಎರಡು ಕಣ್ಣು ಮಾತ್ರ. ಹೊರಡುವಾಗ ಬಾಗಿಲ ಬಳಿ ನಿಂತು, ಬಿಗಿಯಾಗಿಯೇ ಇದ್ದ ಶೂ ಲೇಸನ್ನು ಮೂರು ಸಲ ಬಿಚ್ಚಿ ಕಟ್ಟಿ, ಆ ಕಣ್ಣುಗಳನ್ನು ನೋಡಿಕೊಂಡು ಹೋಗುತ್ತಿದ್ದ.

ಮದುವೆಯಾಗದ ಗಂಡು ಹೆಣ್ಣು ಜೊತೆಗೆ ತಿರುಗುವಂತಿಲ್ಲದ ಊರು. ಆಸ್ಪತ್ರೆಯ ಹಿರಿಯ ಸಿಸ್ಟರ್ ಝಾಹಿದಾ ಮತ್ತವರ ಗಂಡನ ಬೆನ್ನಿಗೆ ನಾನು, ನನ್ನಿಂದ ಹತ್ತು ಹೆಜ್ಜೆ ದೂರ ಅವನು, ಹೀಗೆ ಬೆಟ್ಟದ ರಸ್ತೆಯಲ್ಲಿ ಎಷ್ಟೋ ಸಂಜೆ ನಡೆದೆವು. ಮಂಜು ದಟ್ಟವಾದಾಗ ಹತ್ತು ಹೆಜ್ಜೆ ಎರಡಾಗುತ್ತಿತ್ತು.

೨೦೧೫ರ ಜೂನಿನಲ್ಲಿ ಊರಿಗೆ ಹೊರಟ. "ನಲವತ್ತು ದಿನ. ಬಂದ ಮೇಲೆ ಮಲ್ಪೆಗೆ, ನಿನ್ನ ಅಪ್ಪನಿಗೆ ಫೋನ್ ಮಾಡುತ್ತೇನೆ," ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ.

ಮೂರನೇ ದಿನ ಉಳ್ಳಾಲದ ಮಿಸ್ಬಾಹ್ ಆಸ್ಪತ್ರೆಗೆ ಬಂದಿದ್ದ. ಕ್ಲಬ್ಬಿನ ಆಫೀಸಿನಲ್ಲಿ ವೀಸಾ ಕಾಗದ ನೋಡಿಕೊಳ್ಳುವವನು. ಸುಮ್ಮನೆ ವಿಚಾರಿಸುವವಳ ಹಾಗೆ ಕೇಳಿದೆ: "ನಿಮ್ಮ ಜಪಾನಿ ಯಾವಾಗ ಬರುದು?"

"ಬರುದೆಲ್ಲಿ ವಾರಿಜಕ್ಕ? ಅವನಿಗೆ ಫೈನಲ್ ಎಕ್ಸಿಟ್ ಹೊಡ್ದಾಯ್ತಲ್ಲ!"

ಗಲ್ಫಿನಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಜೆಗೆ ಹೋಗಿ ಬರುವವರಿಗೆ ರೀ-ಎಂಟ್ರಿ. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಗಂಟುಮೂಟೆ ಕಟ್ಟಿದವರಿಗೆ ಫೈನಲ್ ಎಕ್ಸಿಟ್. ಲಿಫ್ಟ್ ನಮ್ಮ ಮಹಡಿಗೆ ಬರುವುದರೊಳಗೆ ಅವನ ನಂಬರ್ ಬ್ಲಾಕ್ ಮಾಡಿದೆ. ಎರಡು ತಿಂಗಳಲ್ಲಿ ಅಭಾ ಬಿಟ್ಟು ಖೋಬರಿಗೆ ಬಂದೆ.

ಈಗ ಮೂರನೇ ಸಲ. ರುಕಯ್ಯಾ ಅವನನ್ನು ಒಳಗೆ ತಳ್ಳಿ ಬಂದಳು. ಪಾದಗಳು ನಡುಗುತ್ತಿದ್ದವು. ನಾನು ಕೈಕಟ್ಟಿ ಕೂತೆ. ಸ್ಪೀಕರಿನಲ್ಲಿ ಅವನ ಉಸಿರು, ಆಮೇಲೆ ಮೆಲ್ಲಗೆ ದನಿ.

"ಒಂದು... ಎರಡು... ಮೂರು..."

ರುಕಯ್ಯಾ ನನ್ನ ಮುಖ ನೋಡಿದಳು.

"ನಾಲ್ಕು... ಐದು... ಆರು."

ಎಂಟಕ್ಕೆ ಹಾರುತ್ತಾನೆಂದುಕೊಂಡೆ. ಹಾರಲಿಲ್ಲ. "ಆರು," ಎಂದ ಮತ್ತೆ. ಮತ್ತೂ ಒಮ್ಮೆ "ಆರು". ಯಾರಾದರೂ ಕೇಳಲಿ ಎಂದು ಕಾಯುವವನ ಹಾಗೆ ಅಲ್ಲೇ ನಿಂತ. ನಾನು ಇಲ್ಲಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ.

ನನ್ನ ಕೈ ನನ್ನ ಮಾತು ಕೇಳಲಿಲ್ಲ. ಗುಂಡಿ ಒತ್ತಿತು.

"ಏಳು ಎಲ್ಲಿ ಹೋಯ್ತು?"

ಕಾಲ್ಬೆರಳುಗಳೆಲ್ಲ ಒಮ್ಮೆಲೇ ಮಡಚಿಕೊಂಡವು. "ವಾರಿಜಾ-ಸಾನ್?"

"ಅಲುಗಾಡಬೇಡ," ಎಂದು ಸ್ಕ್ಯಾನ್ ಶುರು ಮಾಡಿದೆ. ಒಂದೊಂದು ಸುತ್ತು ನಾಲ್ಕು ನಿಮಿಷ, ಸುತ್ತಿಗೆ ಬಡಿದಂಥ ಸದ್ದು. ಎರಡು ಸುತ್ತಿನ ನಡುವೆ ಮಾತಿಗೆ ಸಿಗುವುದು ಕೆಲವೇ ಕ್ಷಣ.

ಮೊದಲ ಸುತ್ತು ಮುಗಿಯಿತು. "ನೀನು ನನ್ನನ್ನು ಬ್ಲಾಕ್ ಮಾಡಿದೆ," ಎಂದ. ಅವನ ದನಿಯಲ್ಲಿ ಸಿಟ್ಟಿತ್ತು. ಸಿಟ್ಟು ಮಾಡುವ ಹಕ್ಕು ನನ್ನೊಬ್ಬಳದೇ ಎಂದುಕೊಂಡಿದ್ದ ನನಗೆ ಉರಿದುಹೋಯಿತು.

"ನೀನು ಫೈನಲ್ ಎಕ್ಸಿಟ್ ತಗೊಂಡೆ!" ಎಂದು ಮುಂದಿನ ಸುತ್ತು ಒತ್ತಿದೆ. ಉತ್ತರ ಹೇಳಲಾಗದೆ ನಾಲ್ಕು ನಿಮಿಷ ಮಲಗಿರಲಿ ಎಂದು.

ಸದ್ದು ನಿಂತ ತಕ್ಷಣ ಅವನು ಒಂದೇ ಉಸಿರಿನಲ್ಲಿ ಹೇಳಿದ: "ನಾನು ತಗೊಳ್ಳಲಿಲ್ಲ. ಅರೇಬಿಕ್ ಕಾಗದ ಕೊಟ್ಟು ರಜೆಯದು, ಸಹಿ ಹಾಕು ಅಂದರು. ನಲವತ್ತನೇ ದಿನ ಟೋಕಿಯೋ ಏರ್‌ಪೋರ್ಟಿಗೆ ಬಂದರೆ ನಿನಗೆ ವೀಸಾನೇ ಇಲ್ಲ ಅಂದರು."

ನಾನು ಮೂರನೇ ಸುತ್ತು ಒತ್ತಿ, ಫೋನ್ ತೆಗೆದು ಮಿಸ್ಬಾಹನಿಗೆ ಹಚ್ಚಿದೆ.

"ಆ ಜಪಾನಿ ಫೈನಲ್ ಎಕ್ಸಿಟ್ ಕೇಳಿದ್ನಾ, ನೀವೇ ಹೊಡ್ದದ್ದಾ?"

"ಅವ ಕೇಳುದೆಂತ ವಾರಿಜಕ್ಕ? ಟೀಮಲ್ಲಿ ಏಷ್ಯಾದವನಿಗೆ ಇದ್ದದ್ದು ಒಂದೇ ಜಾಗ. ನಮ್ಮ ಮ್ಯಾನೇಜರಿಗೆ ಬೇರೆಯವ ಬೇಕಿತ್ತು. ಇವನಿಗೆ ಹೇಳ್ಬೇಡ, ಹೊಡಿ ಅಂದ್ರು. ನಾನು ಹೊಡ್ದೆ."

"ನನಿಗೆ ಯಾಕೆ ಹೇಳ್ಲಿಲ್ಲ?"

"ಯಾರು ಹೊಡೆಸಿದ್ದು ಅಂತ ನೀವು ಕೇಳ್ಲೇ ಇಲ್ಲವಲ್ಲ!"

ಹೌದು, ಕೇಳಲಿಲ್ಲ. ಊರವರಿಗೆಲ್ಲ ವಾಸದ ಪರವಾನಗಿ ಇಕಾಮಾ, ಅದನ್ನು ಮಾಡಿಸುವ ಮಾಲೀಕ ಕಫೀಲ್ ಎಂದು ಬುದ್ಧಿ ಹೇಳುವ ನಾನು, ಒಬ್ಬನಿಗೆ ಗೊತ್ತಿಲ್ಲದೆ ಅವನ ಬಾಗಿಲು ಮುಚ್ಚಬಹುದು ಎಂದು ಒಮ್ಮೆಯೂ ಯೋಚಿಸಲಿಲ್ಲ. ಹಾವಿಗೆ ಹಾಲೆರೆದ ಹಾಗೆ ಸಾಕಿದ ಸಿಟ್ಟು ತಿರುಗಿ ನನ್ನನ್ನೇ ಕಚ್ಚಿತು. ರುಕಯ್ಯಾ ಟಿಶ್ಯೂ ಕೊಟ್ಟಳು.

ಸದ್ದು ನಿಂತಿತು. "ಮತ್ತೆ ಯಾಕೆ ಬಂದೆ?" ಎಂದು ಕೇಳಿದೆ.

"ಸೇಡಿಗೆ. ದಬಾಬ್‌ನವರ ಎದುರು ಆಡಬೇಕು. ಆಮೇಲೆ ನಿನ್ನನ್ನು ಹುಡುಕಿ, ನಿನ್ನ ಮುಂದೆ ನಿಂತು, ಒಂದೂ ಮಾತಾಡದೆ ಹೊರಟುಹೋಗಬೇಕು ಅಂತಿದ್ದೆ."

"ಈಗ?"

"ಈಗ ನೀನು ಕಟ್ಟಿ ಮಲಗಿಸಿದ್ದೀಯ. ನಿಲ್ಲುವುದು ಹೇಗೆ?"

ರುಕಯ್ಯಾ ಕಿಸಕ್ಕನೆ ನಕ್ಕಳು. ಕೊನೆಯ ಸುತ್ತು ಒತ್ತುವಾಗ ನನಗೂ ಅಳುವಿನ ನಡುವೆ ನಗು ಬಂತು. ಪಾದಗಳು ನಡುಗುತ್ತಿರಲಿಲ್ಲ.

ನಾಲ್ಕೂಕಾಲಕ್ಕೆ ಡಾಕ್ಟರ್ ಅಬ್ದುಲ್ ಅಝೀಝ್ ಬೆನ್ನು ಸರಿಯಿದೆ ಎಂದು ಸಹಿ ಹಾಕಿದರು. ಕಾರಿಡಾರಿನಲ್ಲಿ ಅವನು ನನ್ನೆದುರು ನಿಂತ. ಕೂದಲು ಬೆವರಿಗೆ ಅಂಟಿತ್ತು, ಕಿವಿಯ ಬಳಿ ಎರಡು ನರೆ. ನಾನು ಮಾಸ್ಕ್ ತೆಗೆದೆ.

"ಮೊದಲೆರಡು ಸಲ ಯಾಕೆ ಮಾತಾಡಲಿಲ್ಲ?"

"ನನ್ನದೂ ಸೇಡೇ," ಎಂದೆ. "ತಪ್ಪು ನನ್ನದು. ಕೇಳದೆ ತೀರ್ಪು ಕೊಟ್ಟೆ."

"ಹಾಗಾದರೆ ನಿನಗೆ ಶಿಕ್ಷೆ ಇದೆ."

"ಕೊಡು. ಆದರೆ ಮೊದಲು ದಬಾಬ್‌ನವರದು ತೀರಿಸು."

ಫೆಬ್ರವರಿಯಲ್ಲಿ ದಬಾಬ್ ಟೀಮು ದಮ್ಮಾಮಿಗೆ ಬಂತು. ಹೆಂಗಸರನ್ನು ಸ್ಟೇಡಿಯಮ್ಮಿಗೆ ಬಿಡಲು ಶುರುವಾಗಿ ತಿಂಗಳಾಗಿತ್ತಷ್ಟೆ. ರುಕಯ್ಯಾ, ಅವಳ ಗಂಡ, ನಾನು ಫ್ಯಾಮಿಲಿ ಸಾಲಿನಲ್ಲಿ ಕೂತಿದ್ದೆವು. ಹಳೆಯ ಕ್ಲಬ್ಬಿನ ಮೇಲೆ ಗೋಲು ಹೊಡೆದವರು ಸಂಭ್ರಮಿಸದೆ, ಕ್ಷಮಿಸಿ ಎಂಬಂತೆ ಎರಡೂ ಕೈ ಎತ್ತುವುದು ವಾಡಿಕೆ. ಎಪ್ಪತ್ತನಾಲ್ಕನೇ ನಿಮಿಷದಲ್ಲಿ ಸೊತಾರೊ ಆ ಕಪ್ಪು ಉಗುರಿನ ಎಡಗಾಲಿನಿಂದಲೇ ಗೋಲು ಹೊಡೆದ. ನೇರ ಆ ಮ್ಯಾನೇಜರ್ ಕೂತಿದ್ದ ಬೆಂಚಿನ ಮುಂದೆ ಹೋಗಿ ನಿಂತ. ಆರು ಬೆರಳು ಎತ್ತಿದ. ನಮ್ಮ ಸಾಲಿನ ಕಡೆ ತಿರುಗಿ, ನಿಧಾನವಾಗಿ ಏಳನೆಯದನ್ನೂ ಎತ್ತಿದ.

ಮ್ಯಾನೇಜರನ ಮುಖ ಇಂಗು ತಿಂದ ಮಂಗನ ಹಾಗಿತ್ತು. ನಾನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದೆ. ಮಲ್ಪೆ ಬಂದರಿನಲ್ಲಿ ಬೆಳೆದವಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಮರುದಿನ ಸಂಜೆ ಖೋಬರಿನ ಕಡಲ ದಂಡೆಯಲ್ಲಿ, ರುಕಯ್ಯಾಳ ಚಾಪೆಯ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ನಾನು. ಅವನು ಫೋನ್ ಹೊರತೆಗೆದ. ಬ್ಲಾಕ್ ಮಾಡಿದ್ದಾಗ ಕಳಿಸಿದ ಮೆಸೇಜುಗಳು ಬ್ಲಾಕ್ ತೆಗೆದ ಮೇಲೂ ಬರುವುದಿಲ್ಲ. ಅವೆಲ್ಲ ಅವನ ಫೋನಿನಲ್ಲೇ ಉಳಿದಿದ್ದವು.

"ಕೊಡು, ಓದುತ್ತೇನೆ," ಎಂದು ಕೈ ಚಾಚಿದೆ.

"ಇಲ್ಲ. ನಾನೇ ಓದುತ್ತೇನೆ, ದಿನಕ್ಕೆ ಒಂದು. ಮುಗಿಯುವವರೆಗೆ ನೀನು ಎಲ್ಲಿಗೂ ಹೋಗುವಂತಿಲ್ಲ. ಇದೇ ಶಿಕ್ಷೆ."

"ಎಷ್ಟಿವೆ?"

"ಹೇಳುವುದಿಲ್ಲ. ನಿನ್ನ ಅಪ್ಪನಿಗೆ ಹೇಳುತ್ತೇನೆ."

ಹಾಗೆಂದು ಮೊದಲನೆಯದನ್ನು ಓದಿದ. ನಾನು ಲಿಫ್ಟಿನ ಮುಂದೆ ನಿಂತು ಬ್ಲಾಕ್ ಮಾಡಿದ ದಿನದ್ದೇ ಅದು.

"ಇವತ್ತು ಅಮ್ಮನಿಗೆ ನಿನ್ನ ವಿಷಯ ಹೇಳಿದೆ. ಅವಳಿಗೂ ನಿಮ್ಮ ಭಾಷೆಯಲ್ಲಿ ಎಣಿಸಲು ಕಲಿಸುತ್ತಿದ್ದೇನೆ. ಆರಾದ ಮೇಲೆ ಏನು, ವಾರಿಜಾ-ಸಾನ್? ಅಮ್ಮ ಕಾಯುತ್ತಿದ್ದಾಳೆ."

ಚಾಪೆಯ ಆ ತುದಿಗೆ ಸರಿದು, ಎರಡೂವರೆ ವರ್ಷ ತಡವಾಗಿ ಅವನ ಕಿವಿಯಲ್ಲಿ ಉತ್ತರ ಹೇಳಿದೆ.