ಒಂದನೇ ನಂಬರಿನ ಹೆಬ್ಬೆಟ್ಟು

ಅಂಗಡಿ, ಗೋದಾಮುಗಳಿಗೆ ಕ್ಯಾಮೆರಾ, ಬಾಗಿಲಿನ ಮಷೀನು ಕೂರಿಸುವವನು ನಾನು. ಏನೇ ಕೆಟ್ಟರೂ ತಂತಿಯಲ್ಲೇ ಉತ್ತರ ಸಿಗುತ್ತದೆ ಎಂದುಕೊಂಡಿದ್ದೆ.

ಕೊಟ್ಟೂರಿನ ಸುಕನ್ಯಕ್ಕನ ಹುಣಸೆಹಣ್ಣಿನ ಗೋದಾಮಿಗೆ ಮುಖ ನೋಡಿ ತೆರೆಯುವ ಮಷೀನು ಹಾಕಿಸಿ ಎಂದೆ. ಆಕೆ ಒಪ್ಪಲಿಲ್ಲ.

"ಹೆಬ್ಬಟ್ಟಿಂದೇ ಇರ್ಲಿ ತಮ್ಮಾ. ನಮ್ಮ ಮಾವಾರು ಸಹಿ ಕಲೀಲಿಲ್ಲ, ಹೆಬ್ಬಟ್ಟು ಒತ್ತೇ ಇಷ್ಟೆಲ್ಲಾ ಮಾಡ್ಯಾರ. ಒಂದ್ನೇ ನಂಬರ್ ಅವರ ಹೆಸರಿಗೇ ಹಾಕು."

ಮಾವ ತೀರಿಕೊಂಡು ಮೂರು ವರ್ಷ. ಆದರೂ ಆ ಮನೆಗೆ ಏನೇ ಹೊಸದು ಬಂದರೂ ಮೊದಲು ಅವರ ಹೆಸರಿಗೆ. ಬೆರಳು ಒತ್ತದೆ ಮಷೀನು ಹೆಸರು ಹಿಡಿಯುವುದಿಲ್ಲ. ವಾದಿಸಲಾರದೆ, ಚಿಕ್ಕಂದಿನಲ್ಲಿ ಕುಡುಗೋಲು ತಾಗಿ ಗೀಟು ಬಿದ್ದಿದ್ದ ನನ್ನ ಬಲಗೈ ಹೆಬ್ಬೆಟ್ಟನ್ನೇ ಒತ್ತಿದೆ. ಯಾರೋ ಆಗಷ್ಟೇ ಬೆರಳು ತೆಗೆದಂತೆ ಗಾಜು ಬೆಚ್ಚಗಿತ್ತು. ನಶ್ಯದ ವಾಸನೆ ಬಂತು.

ಮರುದಿನದಿಂದ ಬೆಳಿಗ್ಗೆ ಆರು ಹತ್ತಕ್ಕೆ ಸರಿಯಾಗಿ ಬಾಗಿಲು ತೆರೆಯತೊಡಗಿತು. ಮಷೀನು ತೋರಿಸುವುದು ಒಂದನೇ ನಂಬರು. ಕ್ಯಾಮೆರಾದಲ್ಲಿ ಕಾಣುವುದು ತೆರೆಯುವ ಬಾಗಿಲಷ್ಟೇ.

"ನಶ್ಯಾ ಏರಿಸ್ಕೊಂತ ಮಾವಾರು ಬರೋ ಹೊತ್ತದು," ಎಂದಳು ಅಕ್ಕ, ಮಳೆ ಬಂತು ಎನ್ನುವಷ್ಟು ಸಲೀಸಾಗಿ. "ಅಳಸಬ್ಯಾಡ."

ನಾನು ಆ ನಂಬರನ್ನು ಕದ್ದು ಅಳಿಸಿದೆ, ಎರಡು ಸಲ. ಎರಡು ಸಲವೂ ಮರಳಿ ಬಂತು. ಕೊನೆಗೆ ಇನ್ನೂ ಯಾರ ಬೆರಳೂ ದಾಖಲಾಗದ ಹೊಸ ಮಷೀನು ಹಾಕಿದೆ. ಆರು ಹತ್ತಕ್ಕೆ ಬಾಗಿಲು ತೆರೆಯಿತು.

ಈಗ ಹೆಬ್ಬೆಟ್ಟು ಒತ್ತಿದರೆ ನನ್ನ ಫೋನೇ ತೆರೆಯುವುದಿಲ್ಲ. ಮೊನ್ನೆ ರೇಷನ್ ಅಂಗಡಿಯಲ್ಲಿ ನಾಲ್ಕು ಸಲ ಒತ್ತಿದೆ.

"ನಿಮ್ಮ ಗೆರಿ ಸವದಾವ ಬಿಡ್ರಿ," ಎಂದ ಅಂಗಡಿಯವ.

ಬಿಸಿಲಿಗೆ ಹಿಡಿದು ನೋಡಿದೆ. ಗೆರೆಗಳು ಅಚ್ಚೊತ್ತಿದಂತೆ ಸ್ಪಷ್ಟವಾಗಿವೆ. ಕುಡುಗೋಲಿನ ಗೀಟು ಮಾತ್ರ ಇಲ್ಲ.